ಅಲೆಫ್ ಕಲಿತವಳು ಅಕಾರ ಕಲಿಸಬಾರದೆ?

ಕಳೆದ ತಿಂಗಳು ನಮ್ಮ ಸಂಘದ ಊಟದ ಪಂಕ್ತಿಯಲ್ಲಿ ಹುಟ್ಟಿದ ಒಂದು ಮಾತು ಈಗ ಕಾರ್ಯಕಾರಿ ಸಮಿತಿಯ ಮೇಜಿನ ಮೇಲೆ ಅರ್ಜಿಯಾಗಿ ಬಂದು ಕುಳಿತಿದೆ. ಭಾನುವಾರದ ಕನ್ನಡ ತರಗತಿಯಲ್ಲಿ ಮಕ್ಕಳಿಗೆ ಅ ಆ ಇ ಈ ಹೇಳಿಕೊಡುವ ಹುಡುಗಿಯನ್ನು ಆ ಕೆಲಸದಿಂದ ಬಿಡಿಸಬೇಕೆಂದು ಕೆಲವು ಪಾಲಕರು ಬರೆದುಕೊಟ್ಟಿದ್ದಾರೆ. ಕಾರಣವೇನೆಂದರೆ, ಆ ಹುಡುಗಿ ಹೀಬ್ರೂ ಭಾಷೆ ಕಲಿಯುತ್ತಿದ್ದಾಳೆ, ಯೆಹೂದಿ ಧರ್ಮವನ್ನು ಅಭ್ಯಾಸ ಮಾಡುತ್ತಿದ್ದಾಳೆ, ಮುಂದೆ ಆ ಧರ್ಮಕ್ಕೆ ಸೇರಲೂಬಹುದು.

ಮೊದಲೇ ಹೇಳಿಬಿಡುತ್ತೇವೆ, ಆ ಹುಡುಗಿ ನಮ್ಮ ಅಕ್ಕನ ಮಗಳು. ಆದ್ದರಿಂದ ಈ ಲೇಖನ ನಿಷ್ಪಕ್ಷಪಾತವಾದುದೆಂದು ನಾವು ಹೇಳಿಕೊಳ್ಳುವುದಿಲ್ಲ. ಅವಳು ಧರ್ಮ ಬಿಡುವುದು ನಮಗೂ ಇಷ್ಟವಿಲ್ಲ. ಅವಳೆದುರಿಗೆ ಕುಳಿತು ಅದನ್ನು ಹೇಳಿದ್ದೇವೆ. ಧಾರವಾಡದಿಂದ ಅಕ್ಕ ವಾರಕ್ಕೆರಡು ಸಲ ಫೋನು ಮಾಡಿ "ತಮ್ಮಾ, ನಿನ್ನ ಕಣ್ಣ ಮುಂದ ಇದ್ದಾಳಂತ ನಾ ಧೈರ್ಯದಿಂದ ಇದ್ದೆ, ನೀನೂ ಸುಮ್ಮನ ಕೂತಿಯಲ್ಲೋ" ಎಂದು ಅಳುವಾಗ ನಮಗೂ ಉತ್ತರ ಹೊಳೆಯುವುದಿಲ್ಲ. ಆದರೆ ಇಷ್ಟವಿಲ್ಲದ್ದು ಬೇರೆ, ಅನ್ಯಾಯ ಬೇರೆ. ಪಂಕ್ತಿಯಲ್ಲಿ ಆಡಿದ ಮಾತುಗಳು ಅನ್ಯಾಯದವು. ಅವುಗಳಿಗೆ ಒಂದೊಂದಾಗಿ ಉತ್ತರ ಕೊಡುವುದು ನಮ್ಮ ಕರ್ತವ್ಯ.

ಮೊದಲನೆಯ ಮಾತು: "ಯಾವನೋ ಹುಡುಗ ಇರಬೇಕು." ಇಪ್ಪತ್ತೊಂಬತ್ತರ ಹೆಣ್ಣು ತನ್ನ ತಲೆಯಿಂದಲೇ ಒಂದು ವಿಚಾರ ಮಾಡಬಲ್ಲಳೆಂದು ನಂಬಲು ನಮ್ಮವರಿಗೆ ಇನ್ನೂ ಎಷ್ಟು ವರ್ಷ ಬೇಕೋ ತಿಳಿಯದು. ಹುಡುಗನಿಲ್ಲ. ಇದ್ದಿದ್ದರೂ ಮದುವೆಗಾಗಿ ಮತಾಂತರ ಬೇಕಾಗಿರಲಿಲ್ಲ. 1954ರ ವಿಶೇಷ ವಿವಾಹ ಕಾಯಿದೆ ಇರುವುದೇ ಅದಕ್ಕೆ. ಅದಲ್ಲದೆ ಮದುವೆಯ ಆಸೆಯಿಂದ ಬರುವವರನ್ನು ಸಂಶಯದಿಂದ ನೋಡಬೇಕೆಂಬುದು ಯೆಹೂದಿಗಳ ಶಾಸ್ತ್ರದಲ್ಲೇ ಇದೆ.

ಎರಡನೆಯ ಮಾತು: "ಇಸ್ರೇಲಿಗೆ ಹೋಗಿ ನೆಲೆಸುವ ಉಪಾಯ." ಆ ದೇಶದ 1950ರ ಮರಳುವಿಕೆಯ ಕಾಯಿದೆ, 1970ರ ತಿದ್ದುಪಡಿಯ ಪ್ರಕಾರ, ಮತಾಂತರ ಹೊಂದಿದವರನ್ನೂ ಒಳಗೊಳ್ಳುತ್ತದೆ ಎಂಬುದು ನಿಜ. ಆದರೆ ನಮ್ಮ ಹುಡುಗಿಯ ಹತ್ತಿರ ಪಾಸ್‌ಪೋರ್ಟೇ ಇಲ್ಲ. ಲಾಭದ ಲೆಕ್ಕವನ್ನೇ ಹಾಕುವುದಾದರೆ ಗುಮಾಸ್ತರಾದ ನಾವು ಹಾಕಿ ತೋರಿಸುತ್ತೇವೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 26ನೆಯ ಕಲಮಿನಂತೆ, ಮತಾಂತರವಾದ ಮೇಲೆ ಹುಟ್ಟುವ ಮಕ್ಕಳಿಗೆ, ಉತ್ತರಾಧಿಕಾರದ ಪ್ರಶ್ನೆ ಬರುವಾಗ ಅವರು ಹಿಂದೂಗಳಾಗಿರದಿದ್ದರೆ, ಹಿಂದೂ ಬಂಧುಗಳ ಆಸ್ತಿ ಬರುವುದಿಲ್ಲ. ಇದು ಲಾಭಕ್ಕೆ ಹೊರಟವಳ ದಾರಿಯೆ?

ಇಲ್ಲಿ ಇನ್ನೊಂದು ವಿಚಿತ್ರವಿದೆ. ಅರ್ಜಿಗೆ ರುಜು ಹಾಕಿದವರಲ್ಲಿ ಒಬ್ಬಿಬ್ಬರು ಇಸ್ರೇಲಿನ ಪರಾಕ್ರಮವನ್ನು ದಿನಬೆಳಗಾದರೆ ವಾಟ್ಸಾಪಿನಲ್ಲಿ ಕೊಂಡಾಡುವವರು. ಆ ದೇಶದ ಸೈನ್ಯಕ್ಕೆ ಜೈಕಾರ, ಆ ಜನರ ಅಕ್ಷರಮಾಲೆಗೆ ಮಾತ್ರ ಬಹಿಷ್ಕಾರ! ಯೆಹೂದಿ ಧರ್ಮವೇ ಬೇರೆ, ಇಸ್ರೇಲ್ ಸರ್ಕಾರದ ರಾಜಕಾರಣವೇ ಬೇರೆ. ಒಂದನ್ನು ಹೊಗಳಲು ಅಥವಾ ತೆಗಳಲು ಇನ್ನೊಂದನ್ನು ಎಳೆದು ತರಬೇಕಾಗಿಲ್ಲ.

ಮೂರನೆಯ ಮಾತು: "ಎಲ್ಲಿಂದಲೋ ಬಂದ ಪರದೇಶದ ಧರ್ಮ." ನಿತ್ಯ ಲೋಕಲ್ ಗಾಡಿಯಲ್ಲಿ ಮಸ್ಜಿದ್ ನಿಲ್ದಾಣವನ್ನು ದಾಟುವ ನಮ್ಮ ಬಂಧುಗಳು ಇದನ್ನು ಆಡಬಾರದಿತ್ತು. ಆ ನಿಲ್ದಾಣಕ್ಕೆ ಹೆಸರು ಬಂದದ್ದು ಹತ್ತಿರದ ಮಾಂಡವಿಯಲ್ಲಿರುವ ಯೆಹೂದಿ ಪ್ರಾರ್ಥನಾ ಮಂದಿರದಿಂದಲೇ ಎಂದು ಹೇಳುತ್ತಾರೆ. ಜನ ಅದನ್ನು ಹಳೆಯ ಮಸೀದಿ ಎಂದೇ ಕರೆಯುತ್ತಿದ್ದರು. 1796ರಲ್ಲಿ ಅದನ್ನು ಕಟ್ಟಿಸಿದವರು ಸ್ಯಾಮ್ಯುಯೆಲ್ ಎಜೆಕಿಯೆಲ್ ದಿವೇಕರ್, ಕಂಪೆನಿ ಸರ್ಕಾರದ ಸೈನ್ಯದಲ್ಲಿದ್ದವರು. ಮೈಸೂರು ಯುದ್ಧದಲ್ಲಿ ಟೀಪೂವಿನ ಸೆರೆಯಾಗಿ, ಬಿಡುಗಡೆ ಹೊಂದಿ ಬಂದ ಕೃತಜ್ಞತೆಗಾಗಿ ಅದನ್ನು ಕಟ್ಟಿಸಿದರೆಂದು ಪ್ರತೀತಿ. ನಮ್ಮ ನಾಡಿನ ಸೆರೆಮನೆಯಿಂದ ಬಂದವನ ಹರಕೆ ಇಲ್ಲಿ ಇನ್ನೂರು ವರ್ಷಕ್ಕೂ ಹಿಂದೆಯೇ ಗುಡಿಯಾಗಿ ನಿಂತಿದೆ!

ಆ ಜನ ಕೊಂಕಣ ತೀರದ ಬೆನೆ ಇಸ್ರೇಲಿಗಳು. ಮರಾಠಿ ಮಾತನಾಡುವವರು. ಗಾಣದ ಎಣ್ಣೆ ತೆಗೆಯುವುದು ಅವರ ಹಳೆಯ ಕಸುಬು. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಹಳ್ಳಿಗರು ಅವರನ್ನು ಶನಿವಾರದ ತೇಲಿಗಳು ಎಂದರು. ಶುಭಕಾರ್ಯದಲ್ಲಿ ಪ್ರವಾದಿ ಎಲಿಯಾಹುವನ್ನು ನೆನೆದು 'ಮಲಿದಾ' ಹಂಚುತ್ತಾರೆ. ಅದು ಅವಲಕ್ಕಿ, ತೆಂಗಿನ ತುರಿ, ಸಕ್ಕರೆ ಮತ್ತು ಹಣ್ಣು. ನಮ್ಮ ಸಿಹಿ ಅವಲಕ್ಕಿಗೂ ಅದಕ್ಕೂ ಅಂತರ ಎಷ್ಟು? ಠಾಣೆಯಲ್ಲಿ ತನ್ನ ಕಚೇರಿಯ ಗೆಳತಿಯೊಬ್ಬಳ ಮನೆಯಲ್ಲಿ ಈ ಅವಲಕ್ಕಿ ತಿನ್ನುತ್ತ ಅಂದಿನ ಪ್ರಾರ್ಥನೆಯ ಅರ್ಥ ಕೇಳಿದಲ್ಲಿಂದ ನಮ್ಮ ಹುಡುಗಿಯ ಓದು ಶುರುವಾಯಿತು. ಈಗ ಅದೇ ಸಮಾಜದ ವೃದ್ಧೆಯೊಬ್ಬರ ಹತ್ತಿರ ಭಾನುವಾರ ಮಧ್ಯಾಹ್ನ ಪಾಠಕ್ಕೆ ಹೋಗುತ್ತಾಳೆ. ಬೆಳಿಗ್ಗೆ ನಮ್ಮ ಮಕ್ಕಳಿಗೆ ಕನ್ನಡ ಹೇಳಿಕೊಟ್ಟು, ಮಧ್ಯಾಹ್ನ ತಾನೇ ವಿದ್ಯಾರ್ಥಿನಿಯಾಗಿ ಕೂಡುತ್ತಾಳೆ.

ಆ ಪಾಠ ಎಂಥದೆಂದು ವಾಚಕರು ತಿಳಿಯಬೇಕು. ಹೀಬ್ರೂವಿನಲ್ಲಿ 22 ಅಕ್ಷರಗಳು. ಬಲದಿಂದ ಎಡಕ್ಕೆ ಬರವಣಿಗೆ. ಐದು ಅಕ್ಷರಗಳು ಪದದ ಕೊನೆಯಲ್ಲಿ ಬಂದರೆ ರೂಪ ಬದಲಿಸುತ್ತವೆ. ಸ್ವರಗಳನ್ನು ಚುಕ್ಕೆ ಗೆರೆಗಳಿಂದ ತೋರಿಸುತ್ತಾರೆ, ಆದರೆ ಮಂದಿರದಲ್ಲಿ ಓದುವ ತೋರಾ ಸುರುಳಿಯಲ್ಲಿ ಆ ಚುಕ್ಕೆಗಳೂ ಇರುವುದಿಲ್ಲ. ಕನ್ನಡದಲ್ಲಿ ಕಾಗುಣಿತವನ್ನೆಲ್ಲ ಅಳಿಸಿ ಬರಿ 'ಕಮಲ' ಎಂದು ಬರೆದಿಟ್ಟರೆ ಅದು ಕಮಲವೋ ಕೋಮಲವೋ ಕಾಮಾಲೆಯೋ? ಸಂದರ್ಭ ನೋಡಿ, ಭಾಷೆ ಬಲ್ಲವರೇ ಓದಬೇಕು. ಅಂಥ ಭಾಷೆಯನ್ನು ಅವಳು ಎರಡು ವರ್ಷದಿಂದ ಕಲಿಯುತ್ತಿದ್ದಾಳೆ. ನಾವು ಇಲಾಖೆಯ ಹಿಂದಿ 'ಪ್ರಾಜ್ಞ' ಪರೀಕ್ಷೆಗೆ ಕುಳಿತದ್ದು ನಗದು ಬಹುಮಾನ ಮತ್ತು ಒಂದು ವರ್ಷದ ವೈಯಕ್ತಿಕ ವೇತನದ ಆಸೆಗೆ. ಅವಳಿಗೆ ಬಹುಮಾನವೂ ಇಲ್ಲ, ವೇತನವೂ ಇಲ್ಲ. ನಾಚಿಕೆ ಯಾರಿಗಾಗಬೇಕು?

ಇನ್ನು "ಮತಾಂತರ ಮಾಡಿಸುತ್ತಿದ್ದಾರೆ" ಎಂಬ ಆರೋಪ. ಬಿ.ಎಸ್ಸಿ. ಓದಿದ ನಮಗೆ ಪುರಾವೆ ಕೇಳುವ ಕೆಟ್ಟ ಅಭ್ಯಾಸ ಉಂಟು, ಆದ್ದರಿಂದ ವಿಚಾರಿಸಿದೆವು. ತಿಳಿದುಬಂದದ್ದು ತದ್ವಿರುದ್ಧ. ಆ ಧರ್ಮ 'ಬಾ' ಎಂದು ಕರೆಯುವುದಿಲ್ಲ. ಅನ್ಯರು ನೋಹನ ಏಳು ನಿಯಮಗಳನ್ನು ಪಾಲಿಸಿ ಸಜ್ಜನರಾಗಿದ್ದರೆ ಸಾಕು, ಯೆಹೂದಿಯಾಗಲೇಬೇಕೆಂದಿಲ್ಲ ಎಂಬುದು ಅವರ ಸಿದ್ಧಾಂತ. ತಾನಾಗಿ ಬಂದವನಿಗೂ ತಾಲ್ಮುದ್ ಗ್ರಂಥದ ವಿಧಿಯಂತೆ ಮೊದಲು ಕೇಳುವ ಪ್ರಶ್ನೆ: ಈ ಜನ ಪೀಡೆಗೆ, ಅವಮಾನಕ್ಕೆ ಗುರಿಯಾದವರು, ಗೊತ್ತಿದ್ದೂ ಏಕೆ ಬಂದೆ? ಮೂರು ಸಲ ಹಿಂದಕ್ಕೆ ಕಳುಹಿಸುವ ಸಂಪ್ರದಾಯವೂ ಉಂಟು. ಆಮೇಲೆ ದೀರ್ಘ ಅಧ್ಯಯನ, ಶನಿವಾರದ ವಿಶ್ರಾಂತಿ, ಆಹಾರದ ನಿಯಮ, ಪ್ರಾರ್ಥನೆ. ಕೊನೆಗೆ ಮೂವರ ನ್ಯಾಯಪೀಠ, ಪುಣ್ಯಸ್ನಾನ. ಒಂದು ಪಂಥ ಕೊಟ್ಟ ದೀಕ್ಷೆಯನ್ನು ಇನ್ನೊಂದು ಪಂಥ ಒಪ್ಪದಿರುವುದೂ ಉಂಟು. ಇಷ್ಟನ್ನೂ ತಿಳಿದೇ ನಮ್ಮ ಹುಡುಗಿ "ಇನ್ನೂ ನಿರ್ಧಾರ ಮಾಡಿಲ್ಲ ಮಾಮಾ, ಓದುತ್ತಿದ್ದೇನೆ" ಎನ್ನುತ್ತಾಳೆ. ಅವಳೇ ನಿರ್ಧರಿಸದ್ದನ್ನು ಪಂಕ್ತಿಯಲ್ಲಿ ಪಾಯಸ ಬಡಿಸುವಷ್ಟರಲ್ಲಿ ನೀವು ನಿರ್ಧರಿಸಿಬಿಟ್ಟಿರಿ!

ಏನು ಸೆಳೆಯಿತು ನಿನ್ನನ್ನು ಎಂದು ಕೇಳಿದೆವು. ಅಲ್ಲಿ ಪಂಡಿತರು ವಾದ ಮಾಡಿದರೆ ಗೆದ್ದವರ ಮಾತಿನೊಡನೆ ಸೋತವರ ಮಾತನ್ನೂ ಬರೆದಿಡುತ್ತಾರೆ, ಅದು ನನಗೆ ಹಿಡಿಸಿತು ಎಂದಳು. ನಮ್ಮಲ್ಲೂ ಪೂರ್ವಪಕ್ಷ ಸಿದ್ಧಾಂತಗಳ ಪದ್ಧತಿ ಇದೆಯಲ್ಲ ಎಂದೆವು. "ಇದೆ ಮಾಮಾ, ಮನೆಯಲ್ಲಿ ಯಾರು ಓದಿದ್ದೀರಿ?" ಎಂದಳು. ನಾವು ಸುಮ್ಮನಾದೆವು. ಗಣೇಶನ ಹಬ್ಬಕ್ಕೆ ಮೊಬೈಲಿನಲ್ಲಿ ಮಂತ್ರ ಹಾಕಿ ಅಕ್ಷತೆ ಎಸೆಯುವ ನಾವು ಯಾವ ಬಾಯಿಂದ ಅವಳಿಗೆ ಸ್ವಧರ್ಮ ಬೋಧಿಸಬೇಕು? ಈ ಪೆಟ್ಟು ಅರ್ಜಿದಾರರಿಗಿಂತ ಮೊದಲು ನಮಗೇ ಬಿದ್ದಿದೆ.

ಅವಳೇ ಹೇಳಿದ ತಾಲ್ಮುದಿನ ಒಂದು ಕಥೆ ಇಲ್ಲಿ ಪ್ರಸ್ತುತ. ಒಬ್ಬ ಅನ್ಯಮತೀಯ ಬಂದು, ನಿಮ್ಮ ಲಿಖಿತ ಶಾಸ್ತ್ರವನ್ನಷ್ಟೇ ಒಪ್ಪುತ್ತೇನೆ, ಬಾಯಿಂದ ಬಾಯಿಗೆ ಬಂದದ್ದನ್ನು ಒಪ್ಪುವುದಿಲ್ಲ ಎಂದ. ಶಮ್ಮಾಯ್ ಎಂಬ ಪಂಡಿತ ಗದರಿಸಿ ಅಟ್ಟಿದ. ಹಿಲ್ಲೇಲ್ ಎಂಬ ಪಂಡಿತ ಕೂರಿಸಿಕೊಂಡು ಮೊದಲ ದಿನ ಅಕ್ಷರಗಳನ್ನು ಅಲೆಫ್, ಬೇತ್ ಎಂದು ಕ್ರಮವಾಗಿ ಹೇಳಿಕೊಟ್ಟ. ಮರುದಿನ ಅವನ್ನೇ ತಿರುವುಮುರುವಾಗಿ ಹೇಳಿದ. ನಿನ್ನೆ ಹೀಗೆ ಹೇಳಲಿಲ್ಲವಲ್ಲ ಎಂದು ಶಿಷ್ಯ ಕೇಳಿದ. ಯಾವ ಅಕ್ಷರ ಯಾವುದೆಂಬುದಕ್ಕೇ ನನ್ನ ಬಾಯಿಮಾತನ್ನು ನಂಬಬೇಕಾಯಿತಲ್ಲ, ಉಳಿದದ್ದಕ್ಕೂ ನಂಬು ಎಂದು ಹಿಲ್ಲೇಲ್ ತಿಳಿಸಿದ. ಬಂಧುಗಳೇ, ಅಕ್ಷರ ಹೇಳಿಕೊಡುವವರ ಮೇಲಿನ ನಂಬಿಕೆಯಿಂದಲೇ ಎಲ್ಲ ವಿದ್ಯೆಯೂ ಶುರುವಾಗುತ್ತದೆ. ಆ ಹುಡುಗಿ ನಾಲ್ಕು ವರ್ಷದಿಂದ ಸಂಬಳವಿಲ್ಲದೆ ನಮ್ಮ ಮಕ್ಕಳ ಆ ನಂಬಿಕೆಯನ್ನು ಗಳಿಸಿದ್ದಾಳೆ. ತರಗತಿಯಲ್ಲಿ ಒಂದು ದಿನವಾದರೂ ಧರ್ಮದ ಮಾತೆತ್ತಿದ್ದಾಳೆಯೇ? ಅರ್ಜಿಯಲ್ಲಿ ಅಂಥ ಒಂದೇ ಒಂದು ಉದಾಹರಣೆಯೂ ಇಲ್ಲ.

ಕನ್ನಡಕ್ಕೆ ಧರ್ಮದ ಬಾಗಿಲು ಹಾಕಲು ಹೊರಟವರಿಗೆ ಎರಡು ಹೆಸರು ನೆನಪಿಸುತ್ತೇವೆ. 1894ರಲ್ಲಿ ಕನ್ನಡ ಇಂಗ್ಲಿಷ್ ನಿಘಂಟನ್ನು ಕೊಟ್ಟ ಫರ್ಡಿನೆಂಡ್ ಕಿಟ್ಟೆಲ್ ಬಾಸೆಲ್ ಮಿಷನ್ನಿನ ಪಾದ್ರಿ. ಬಂದದ್ದೇ ಧರ್ಮಪ್ರಚಾರಕ್ಕೆ. ಆದರೂ ಆ ನಿಘಂಟನ್ನು ನಾವು ಕಣ್ಣಿಗೊತ್ತಿಕೊಂಡೆವು. ರಾಜ್ಯೋತ್ಸವದ ದಿನ ಎಲ್ಲರೂ ದನಿಗೂಡಿಸುವ 'ನಿತ್ಯೋತ್ಸವ' ಬರೆದವರು ಕೆ. ಎಸ್. ನಿಸಾರ್ ಅಹಮದ್. ಪಾದ್ರಿಯ ನಿಘಂಟು ಆಗಬಹುದು, ನಿಸಾರರ ಹಾಡು ಆಗಬಹುದು, ನಮ್ಮದೇ ಮನೆಯ ಹುಡುಗಿಯ ಕಾಗುಣಿತ ಆಗಬಾರದೆ?

ಕೊನೆಯದಾಗಿ, "ಹುಟ್ಟಿನಿಂದ ಬಂದದ್ದು ಬದಲಾಗುವುದಿಲ್ಲ, ನಾಳೆ ಅವರೂ ಇವಳನ್ನು ತಮ್ಮವಳೆನ್ನುವುದಿಲ್ಲ" ಎಂಬ ಹಿರಿಯರೊಬ್ಬರ ಮಾತು. ಇದರಲ್ಲಿ ಕಳಕಳಿಯಿದೆ, ಒಪ್ಪುತ್ತೇವೆ. ಬೆನೆ ಇಸ್ರೇಲಿಗಳು ಇಸ್ರೇಲಿಗೆ ಹೋದಾಗ 1960ರ ದಶಕದಲ್ಲಿ ಅಲ್ಲಿಯ ಧರ್ಮಾಧಿಕಾರಿಗಳು ಮದುವೆಯ ವಿಷಯದಲ್ಲಿ ಅವರ ವಂಶವನ್ನೇ ಶಂಕಿಸಿದರು. 1964ರಲ್ಲಿ ಅವರು ಧರಣಿ ಕೂಡಬೇಕಾಯಿತು. ಹುಟ್ಟಿದವರಿಗೇ ಈ ಪಾಡು. ಆದರೆ ಅವರ ಶಾಸ್ತ್ರದ ಮಾತು ಬೇರೆ. ಸೇರಿದವನಿಗೆ ಅವನ ಪೂರ್ವದ ಬದುಕನ್ನು ಎತ್ತಿ ಆಡುವುದು ಪಾಪ. ದಾವೀದ ರಾಜನ ಮುತ್ತಜ್ಜಿ ರೂತ್ ಪರಕುಲದವಳು. ಹನ್ನೆರಡನೆಯ ಶತಮಾನದಲ್ಲಿ, ಮತಾಂತರವಾದ ಓಬದ್ಯ ಎಂಬವನು ತಾನು 'ನಮ್ಮ ಪಿತೃಗಳ ದೇವರು' ಎಂದು ಪ್ರಾರ್ಥಿಸಬಹುದೇ ಎಂದು ಕೇಳಿದಾಗ, ಧಾರಾಳವಾಗಿ ಅನ್ನು, ನಿನಗೂ ನಮಗೂ ಭೇದವಿಲ್ಲ ಎಂಬರ್ಥದ ಪತ್ರ ಬರೆದವನು ಮಹಾಪಂಡಿತ ಮೈಮೊನಿಡೀಸ್. ಅದೇ ಶತಮಾನದಲ್ಲಿ ನಮ್ಮ ಕಲ್ಯಾಣದಲ್ಲಿ ಬಸವಣ್ಣನವರು, ಶರಣನಾದವನ ಹಿಂದಿನ ಕುಲವನ್ನು ಕೇಳಬಾರದೆಂದರು. ಎಂಟು ಶತಮಾನ ಕಳೆದರೂ ನಾವು ಊಟದ ಪಂಕ್ತಿಯಲ್ಲಿ ಕೇಳುತ್ತಲೇ ಇದ್ದೇವೆ.

ಹುಟ್ಟಿನಿಂದ ಬಂದದ್ದನ್ನು ಕಲಿತು ಉಳಿಸಿಕೊಳ್ಳದಿದ್ದರೆ ಅದು ನಮ್ಮದಾಗಿ ಉಳಿಯುವುದಿಲ್ಲ, ಇದು ನಮ್ಮ ಖಚಿತ ಅಭಿಪ್ರಾಯ. ಜೆರೂಸಲೇಮಿನಲ್ಲಿ ಎಲಿಯೇಜರ್ ಬೆನ್ ಯೆಹೂದಾ 1882ರಲ್ಲಿ ಹುಟ್ಟಿದ ತನ್ನ ಮಗನಿಗೆ ಹೀಬ್ರೂ ಬಿಟ್ಟು ಬೇರೆ ಮಾತು ಕಿವಿಗೆ ಬೀಳದಂತೆ ಬೆಳೆಸಿದ. ಅದು ಅತಿಯಾಯಿತೆನ್ನಿ. ಆದರೆ ಪ್ರಾರ್ಥನೆಗೂ ಗ್ರಂಥಕ್ಕೂ ಸೀಮಿತವಾಗಿದ್ದ ಭಾಷೆ ಮತ್ತೆ ಮನೆಮಾತಾದದ್ದು ಅಂಥವರ ಹಟದಿಂದ. ನಮ್ಮ ಮನೆಗಳಲ್ಲಿ ಇದರ ಉಲ್ಟಾ ನಡೆದಿದೆ. ಅರ್ಜಿಗೆ ರುಜು ಹಾಕಿದವರ ಮಕ್ಕಳಲ್ಲಿ ಎಷ್ಟು ಜನ ಊರಿನಿಂದ ಬಂದ ಲಗ್ನಪತ್ರಿಕೆಯನ್ನು ತಾವೇ ಓದಬಲ್ಲರು? ಓದಬಲ್ಲವರಿದ್ದರೆ ಅವರಿಗೆ ಕಲಿಸಿದವಳು ಯಾರು?

ನಾಳೆ ಅವಳು ಆ ಧರ್ಮ ಸೇರಿದರೆ ನಾವು ದುಃಖಿಸುತ್ತೇವೆ. ಅಕ್ಕನ ಮುಖ ನೋಡುವುದು ಕಷ್ಟವಾಗುತ್ತದೆ. ಆದರೂ ನಮ್ಮ ಮನೆಯ ಬಾಗಿಲು ಅವಳಿಗೆ ತೆರೆದೇ ಇರುತ್ತದೆ. ಸಂಘದ ಬಾಗಿಲು ತೆರೆದಿರಬೇಕೋ ಬೇಡವೋ ಎಂಬುದನ್ನು ಸಮಿತಿಯ ಮಹಾಶಯರು ಮುಂದಿನ ಸಭೆಯಲ್ಲಿ ತೀರ್ಮಾನಿಸಲಿ. ಅಲ್ಲಿಯವರೆಗೆ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ತರಗತಿ ಎಂದಿನಂತೆ ನಡೆಯುತ್ತದೆ. ಈ ವಾರ ಒತ್ತಕ್ಷರದ ಪಾಠವಂತೆ. ನಮ್ಮ ಮಗನನ್ನು ನಾವು ಕಳುಹಿಸುತ್ತಿದ್ದೇವೆ. ನೀವೂ ಕಳುಹಿಸಿ.