ಚಗಳಿ ಚಟ್ನಿಯೂ ನಮ್ಮ ನಾಗರಿಕತೆಯೂ



ಈಚೆಗೆ ನಮ್ಮ ಬಳಗದ ಮದುವೆಯೊಂದರಲ್ಲಿ ತರುಣನೊಬ್ಬ ತನ್ನ ಮೊಬೈಲಿನಲ್ಲಿ ಒಂದು ದೃಶ್ಯವನ್ನು ಎಲ್ಲರಿಗೂ ತೋರಿಸುತ್ತಿದ್ದ. ಮಲೆನಾಡಿನ ಹೆಂಗಸೊಬ್ಬರು ಚಗಳಿ ಇರುವೆಗಳನ್ನು ಹುರಿದು, ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪಿನೊಡನೆ ಅರೆಯುತ್ತಿದ್ದರು. "ಥೂ, ಇರುವೆ ತಿನ್ನುತ್ತಾರಂತೆ! ಇವರು ನಾಗರಿಕರಾಗುವುದು ಯಾವಾಗ?" ಎಂದು ಸುತ್ತಲಿದ್ದವರು ನಕ್ಕರು. ಶುಭಕಾರ್ಯದ ಮನೆಯೆಂದು ಅಂದು ಸುಮ್ಮನಿದ್ದೆ. ಇಂದು ಸುಮ್ಮನಿರಲಾರೆ.

ಮೊದಲೇ ಹೇಳಿಬಿಡುತ್ತೇನೆ: ನಾನು ಸಸ್ಯಾಹಾರಿ. ಚಗಳಿ ಚಟ್ನಿಯ ರುಚಿ ಕಂಡವನಲ್ಲ, ಇನ್ನು ಕಾಣುವ ಆಸೆಯೂ ಇಲ್ಲ. ತಿನ್ನದಿರುವುದು ನನ್ನ ಹಕ್ಕು. ತಿನ್ನುವವರನ್ನು ಹೀಗಳೆಯುವ ಹಕ್ಕು ಮಾತ್ರ ನನಗಿಲ್ಲ, ನಿಮಗೂ ಇಲ್ಲ.

ಹಿಂಸೆಯೆನ್ನುವಿರಾ? ಅಂದು ನಕ್ಕವರು ಉಟ್ಟಿದ್ದ ರೇಷ್ಮೆಯನ್ನು ನೆನೆಯಿರಿ. ಒಂದು ಸೀರೆಗೆ ಸಾವಿರಾರು ಗೂಡುಗಳು ಬೇಕು. ಒಳಗಿನ ಜೀವವನ್ನು ಬಿಸಿಗೆ ಕೊಂದೇ ನೂಲು ಬಿಚ್ಚುತ್ತಾರೆ. ಉಡುವಾಗ ಮಡಿಯಾದ ಹುಳು ಉಣ್ಣುವಾಗ ಮೈಲಿಗೆಯಾಗುವುದು ಯಾವ ನ್ಯಾಯ?

ಅಜ್ಞಾನವೆನ್ನುವಿರಾ? ಚಗಳಿಗಳು ತಮ್ಮ ಮರಿಹುಳುಗಳ ನೂಲಿನಿಂದ ಮಾವು, ಹಲಸಿನ ಎಲೆಗಳನ್ನು ಹೊಲಿದು ಗೂಡು ಕಟ್ಟುತ್ತವೆ. ಅವುಗಳ ಕಡಿತ ತಿಂದು ಗೂಡನ್ನು ಇಳಿಸುವುದು ಕಲಿತವರ ಕೆಲಸ. ಹಳೆ ಮೈಸೂರು ಸೀಮೆಯಲ್ಲಿ ಮೊದಲ ಮಳೆ ಬಿದ್ದ ಮೇಲೆ ಹುತ್ತದಿಂದೇಳುವ ಈಸಲುಗಳನ್ನು ಹಿಡಿದು ಹುರಿದು, ಮೊರದಲ್ಲಿ ಕೇರಿ ರೆಕ್ಕೆ ಹಾರಿಸಿ ತಿನ್ನುವವರೂ ಮಳೆಯನ್ನು ಓದಬಲ್ಲವರೇ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಲೋಕದಲ್ಲಿ 1,900ಕ್ಕೂ ಹೆಚ್ಚು ಬಗೆಯ ಕೀಟಗಳು ಮನುಷ್ಯರ ಆಹಾರವಾಗಿವೆ. ಒಣಗಿಸಿದ ಹಿಟ್ಟುಹುಳುವನ್ನು ಆಹಾರವಾಗಿ ಮಾರಲು ಐರೋಪ್ಯ ಒಕ್ಕೂಟ 2021ರಲ್ಲಿ ಒಪ್ಪಿಗೆಯಿತ್ತಿತು. ಒಡಿಶಾದ ಮಯೂರ್‌ಭಂಜ್ ಜಿಲ್ಲೆಯ ಆದಿವಾಸಿಗಳು ಇದೇ ಇರುವೆಯಿಂದ ಮಾಡುವ ಸಿಮಿಲಿಪಾಲ್ ಕಾಯಿ ಚಟ್ನಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಪರದೇಶದ ಪೊಟ್ಟಣದಲ್ಲಿ ಬಂದರೆ ಪೌಷ್ಟಿಕ ಆಹಾರ, ನಮ್ಮೂರಿನ ಒರಳಿನಲ್ಲಿದ್ದರೆ ಅನಾಗರಿಕತೆ!

ಎಚ್ಚರ ಬೇಡವೆಂದು ನಾನು ಹೇಳುತ್ತಿಲ್ಲ. ಸಿಗಡಿ, ಏಡಿ ಒಗ್ಗದವರಿಗೆ ಕೀಟಗಳೂ ಒಗ್ಗದಿರಬಹುದು. ಕೀಟನಾಶಕ ಹೊಡೆದ ತೋಟದ ಹುಳು ತಿನ್ನಲು ಯೋಗ್ಯವಲ್ಲ. ಮರದಲ್ಲಿರುವ ಗೂಡುಗಳನ್ನೆಲ್ಲ ಬರಿದು ಮಾಡಲೂಬಾರದು. ಇಂಥ ಮಾತು ವಿವೇಕ. ಮೂಗು ಮುರಿಯುವುದು ವಿವೇಕವಲ್ಲ.

ಇಷ್ಟು ಕಟುವಾಗಿ ಬರೆಯಲು ಕಾರಣವಿದೆ. 1978ರಲ್ಲಿ ನಾನು ಮಲೆನಾಡಿನ ಹಳ್ಳಿಯೊಂದರ ಶಾಲೆಯಲ್ಲಿ ಹೊಸ ಮೇಷ್ಟ್ರು. ಮಧ್ಯಾಹ್ನ ಹುಡುಗನೊಬ್ಬ ಬುತ್ತಿ ಬಿಚ್ಚಿದಾಗ ಉಳಿದವರು "ಚಗಳಿ, ಚಗಳಿ" ಎಂದು ಕೂಗಿದರು. ನಾನು ಅವರನ್ನು ಗದರಿಸಲಿಲ್ಲ. "ಹೊರಗೆ ಹೋಗಿ ತಿನ್ನೋ" ಎಂದು ಅವನಿಗೇ ಹೇಳಿದೆ. ಅವನು ಬುತ್ತಿಯನ್ನು ಮತ್ತೆ ಕಟ್ಟಿಕೊಂಡು ಹೊರಗೆ ಹೋದ. ಅದೇ ದಿನ ಮಧ್ಯಾಹ್ನದ ಮೇಲೆ ಬಡಮಕ್ಕಳಿಗೆ ಸಸಾರಜನಕ ಏಕೆ ಬೇಕೆಂಬ ಪಾಠ ಮಾಡಿದೆ. ಅಂದಿನಿಂದ ಅವನು ಬುತ್ತಿ ತರುವುದನ್ನೇ ಬಿಟ್ಟ. ಅದು ನನ್ನ ಗಮನಕ್ಕೆ ಬರಲು ಒಂದು ತಿಂಗಳು ಹಿಡಿಯಿತು.

ಆ ತರಗತಿಯಲ್ಲಿದ್ದ ಕೆಲವರು ಇದನ್ನು ಓದುತ್ತಿರಬಹುದು. ಅವನೂ ಓದುತ್ತಿದ್ದರೆ, ಮಗೂ, ತಪ್ಪು ನನ್ನದು, ಕ್ಷಮಿಸು. ಉಳಿದವರಲ್ಲಿ ನನ್ನ ಕೋರಿಕೆ ಒಂದೇ: ನಿಮ್ಮ ಮಕ್ಕಳ ಮುಂದೆ ಪರರ ತಟ್ಟೆಯನ್ನು ನೋಡಿ ನಗಬೇಡಿ. ಅವರು ಬೇಗ ಕಲಿತುಬಿಡುತ್ತಾರೆ.

ಇತಿ ನಿಮ್ಮ ಮೇಷ್ಟ್ರು