ತುಟ್ಟಿಭತ್ಯೆ ಯಾರ ಮುಪ್ಪಿಗೆ?

2006ರ ಮಾರ್ಚ್ 31ರಂದು ಕರ್ನಾಟಕದ ಸರ್ಕಾರಿ ಶಾಲೆಗೆ ಸೇರಿದ ಶಿಕ್ಷಕರಿಗೆ, ಪೂರ್ಣ ಸೇವೆ ಮುಗಿಸಿದರೆ, ಕೊನೆಯ ಮೂಲ ವೇತನದ ಅರ್ಧದಷ್ಟು ಪಿಂಚಣಿ ಉಂಟು. ಅದರ ಮೇಲೆ ಕಾಲಕಾಲಕ್ಕೆ ಏರುವ ತುಟ್ಟಿಭತ್ಯೆ ಬೇರೆ. ಮರುದಿನ ಅದೇ ಶಾಲೆಯ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದವರಿಗೆ ಇವೆರಡೂ ಇಲ್ಲ. ಇಬ್ಬರೂ ಕಲಿಸುವುದು ಅದೇ ಪಠ್ಯ, ಹೋಗುವುದು ಅದೇ ಚುನಾವಣಾ ಕರ್ತವ್ಯಕ್ಕೆ, ಬಿಸಿಯೂಟದ ಲೆಕ್ಕ ಬರೆಯುವುದು ಅದೇ ರಿಜಿಸ್ಟರಿನಲ್ಲಿ. ಆದರೆ ಅರವತ್ತು ತುಂಬಿದ ಮೇಲೆ ಇಬ್ಬರ ದಾರಿಯೂ ಬೇರೆ.

ಈ ಗೆರೆ ಎಳೆದವರು ಯಾರು ಎಂದು ಕೇಳಿದರೆ ಎಲ್ಲ ಪಕ್ಷಗಳೂ ಇನ್ನೊಬ್ಬರ ಕಡೆ ಬೆರಳು ತೋರಿಸುತ್ತವೆ. ಕೇಂದ್ರದಲ್ಲಿ 2004ರ ಜನವರಿ 1ರಿಂದ ನೂತನ ಪಿಂಚಣಿ ಯೋಜನೆ, ಅಂದರೆ ಎನ್‌ಪಿಎಸ್ ತಂದದ್ದು ವಾಜಪೇಯಿ ಸರ್ಕಾರ. 2006ರ ಏಪ್ರಿಲ್‌ನಿಂದ ಕರ್ನಾಟಕದಲ್ಲಿ ಜಾರಿಯಾದಾಗ ಅಧಿಕಾರದಲ್ಲಿದ್ದದ್ದು ಜೆಡಿಎಸ್–ಬಿಜೆಪಿ ಮೈತ್ರಿ. ಅದಕ್ಕೆ ಕಾನೂನಿನ ಭದ್ರ ಬುನಾದಿ ಹಾಕಿದ ಪಿಂಚಣಿ ನಿಧಿ ನಿಯಂತ್ರಣ ಪ್ರಾಧಿಕಾರದ ಕಾಯ್ದೆಗೆ 2013ರಲ್ಲಿ ಸಂಸತ್ತಿನ ಒಪ್ಪಿಗೆ ಪಡೆದದ್ದು ಮನಮೋಹನ್ ಸಿಂಗ್ ಸರ್ಕಾರ. ಪಶ್ಚಿಮ ಬಂಗಾಳವೊಂದು ಮಾತ್ರ ಈ ಉಸಾಬರಿಗೆ ಹೋಗದೆ ಹಳೆಯ ಪದ್ಧತಿಯಲ್ಲೇ ಉಳಿಯಿತು.

ಎನ್‌ಪಿಎಸ್ ನೌಕರರ ಸಿಟ್ಟಿಗೆ ಕಾರಣ ಹುಡುಕಲು ಬಹಳ ದೂರ ಹೋಗಬೇಕಿಲ್ಲ, ಒಂದು ಸಣ್ಣ ಲೆಕ್ಕ ಸಾಕು. ನೌಕರರ ಸಂಬಳದಿಂದ ಪ್ರತಿ ತಿಂಗಳು ಶೇ 10ರಷ್ಟು ಕಡಿತ. ಸರ್ಕಾರದ ಪಾಲು ಮೊದಲು ಅಷ್ಟೇ ಇತ್ತು, ಕೇಂದ್ರ 2019ರಲ್ಲಿ ತನ್ನ ಪಾಲನ್ನು ಶೇ 14ಕ್ಕೆ ಏರಿಸಿತು. ಹಣ ಮಾರುಕಟ್ಟೆಯಲ್ಲಿ ಬೆಳೆಯುತ್ತದೆ. ನಿವೃತ್ತಿಯಾದಾಗ ಖಾತೆಯಲ್ಲಿ 40 ಲಕ್ಷ ರೂಪಾಯಿ ಇದೆ ಎಂದುಕೊಳ್ಳೋಣ. ಅದರಲ್ಲಿ ಶೇ 60ರಷ್ಟು, ಅಂದರೆ 24 ಲಕ್ಷ ಕೈಗೆ ಸಿಗುತ್ತದೆ. ಉಳಿದ 16 ಲಕ್ಷದಲ್ಲಿ ವಿಮಾ ಕಂಪನಿಯ ವರ್ಷಾಶನ ಖರೀದಿಸಬೇಕು. ಶೇ 6.5ರ ದರ ಹಿಡಿದರೆ ತಿಂಗಳಿಗೆ ಸುಮಾರು 8,700 ರೂಪಾಯಿ. ಕೊನೆಯ ಮೂಲ ವೇತನ 70 ಸಾವಿರವಿದ್ದ ಹಳೆ ಯೋಜನೆಯ ಸಹೋದ್ಯೋಗಿ ಎಣಿಸುವುದು 35 ಸಾವಿರ, ಮೇಲೆ ತುಟ್ಟಿಭತ್ಯೆ.

ಕೈಗೆ ಬಂದ 24 ಲಕ್ಷವನ್ನು ಮರೆಯುವುದು ನ್ಯಾಯವಲ್ಲ. ಆದರೆ ಇಡೀ 40 ಲಕ್ಷವನ್ನೇ ವರ್ಷಾಶನಕ್ಕೆ ಸುರಿದರೂ ಬರುವುದು 21,700ರ ಆಸುಪಾಸು. ಆ ಮೊತ್ತ ಇಪ್ಪತ್ತು ವರ್ಷ ಕಳೆದರೂ ಕದಲುವುದಿಲ್ಲ. ಅಕ್ಕಿ, ಗ್ಯಾಸು, ಬಿ.ಪಿ. ಮಾತ್ರೆಯ ಬೆಲೆ ಮಾತ್ರ ಏರುತ್ತಲೇ ಹೋಗುತ್ತದೆ. ನೌಕರರು ಕೇಳುತ್ತಿರುವುದು ಮೂಲತಃ ಬೆಲೆಯ ಜೊತೆ ಪಿಂಚಣಿಯೂ ಏರುವ ಖಾತರಿಯನ್ನೇ. 2022ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಎನ್‌ಪಿಎಸ್ ನೌಕರರು ಠಿಕಾಣಿ ಹೂಡಿದ್ದು, ‘ವೋಟ್ ಫಾರ್ ಒಪಿಎಸ್’ (ಹಳೆ ಪಿಂಚಣಿ ಯೋಜನೆಗೆ ಮತ) ಎಂದು ಊರೂರಲ್ಲಿ ಅಭಿಯಾನ ನಡೆಸಿದ್ದು ಇದಕ್ಕಾಗಿ.

ರಾಜಕಾರಣಿಗಳಿಗೆ ಈ ಬೇಡಿಕೆ ಇಷ್ಟವಾಗಲು ಇನ್ನೊಂದು ಕಾರಣವಿದೆ. ವೇದಿಕೆಯ ಮೇಲೆ ಅದನ್ನು ಯಾರೂ ಹೇಳುವುದಿಲ್ಲ. ಎನ್‌ಪಿಎಸ್‌ನಲ್ಲಿ ಸರ್ಕಾರ ತನ್ನ ಪಾಲನ್ನು ಇವತ್ತೇ ಕಟ್ಟಬೇಕು. ಹಳೆ ಯೋಜನೆಗೆ ಮರಳಿದರೆ ಆ ಹಣ ಈ ವರ್ಷದ ಬಜೆಟ್‌ನಲ್ಲೇ ಉಳಿಯುತ್ತದೆ. 2006ರಲ್ಲಿ 25ರ ವಯಸ್ಸಿಗೆ ಸೇರಿದವರು ನಿವೃತ್ತರಾಗುವುದು 2041ಕ್ಕೆ. ಅಂದರೆ ಚಪ್ಪಾಳೆ, ಉಳಿತಾಯ ಎರಡೂ ಇಂದಿನ ಮುಖ್ಯಮಂತ್ರಿಗೆ. ಬಿಲ್ಲು ಮಾತ್ರ ಇನ್ನೂ ಹೆಸರೇ ಗೊತ್ತಿಲ್ಲದ ಮುಖ್ಯಮಂತ್ರಿಗೆ. ಎಲ್ಲ ರಾಜ್ಯಗಳೂ ಹಳೆ ಯೋಜನೆಗೆ ಮರಳಿದರೆ ಒಟ್ಟು ಹೊರೆ ಎನ್‌ಪಿಎಸ್‌ನ 4.5 ಪಟ್ಟು ಆಗಬಹುದು ಎಂದು ರಿಸರ್ವ್ ಬ್ಯಾಂಕಿನ 2023ರ ಸೆಪ್ಟೆಂಬರ್ ಬುಲೆಟಿನ್‌ನ ಲೇಖನವೊಂದು ಲೆಕ್ಕ ಹಾಕಿತ್ತು.

ರಾಜಸ್ಥಾನ, ಛತ್ತೀಸಗಢ, ಜಾರ್ಖಂಡ್, ಪಂಜಾಬ್ 2022ರಲ್ಲಿ ಒಂದರ ಹಿಂದೊಂದು ಹಳೆ ಯೋಜನೆಯತ್ತ ಹೊರಳಿದವು. 2023ರ ಜನವರಿಯಲ್ಲಿ ಹಿಮಾಚಲದ ಮುಖ್ಯಮಂತ್ರಿ ಸುಖ್ವಿಂದರ್ ಸಿಂಗ್ ಸುಖು ತಮ್ಮ ಮೊದಲ ಸಂಪುಟ ಸಭೆಯಲ್ಲೇ ಅದೇ ತೀರ್ಮಾನ ತೆಗೆದುಕೊಂಡರು. 2024ರ ಆಗಸ್ಟ್‌ನಲ್ಲಿ ಅದೇ ಸುಖು, ತಾವೂ ತಮ್ಮ ಸಚಿವರೂ ಎರಡು ತಿಂಗಳ ಸಂಬಳ ಮುಂದೂಡುತ್ತೇವೆ ಎಂದರು. ಆ ಸೆಪ್ಟೆಂಬರ್‌ನಲ್ಲಿ ನೌಕರರ ಸಂಬಳ 5ನೇ ತಾರೀಖಿಗೆ, ಪಿಂಚಣಿ 10ಕ್ಕೆ ಹೋಯಿತು. ಇದಕ್ಕೆಲ್ಲ ಹಳೆ ಪಿಂಚಣಿಯೇ ಕಾರಣ ಎನ್ನುವುದು ಸರಿಯಲ್ಲ. ಆ ರಾಜ್ಯದ ಸಾಲದ ಕಥೆ ಹಳೆಯದು. ಆದರೂ ಖಜಾನೆ ಬರಿದಾದಾಗ ಖಾತರಿ ಪಿಂಚಣಿಯೂ ಕಾಯಬೇಕಾಗುತ್ತದೆ ಎಂಬುದು ಶಿಮ್ಲಾದಲ್ಲಿ ಎಲ್ಲರಿಗೂ ಕಂಡಿತು. ಇತ್ತ ರಾಜಸ್ಥಾನ, ಛತ್ತೀಸಗಢಗಳಲ್ಲಿ ಹಳೆ ಯೋಜನೆ ತಂದ ಕಾಂಗ್ರೆಸ್ 2023ರ ಕೊನೆಯಲ್ಲಿ ಅಧಿಕಾರವನ್ನೂ ಕಳೆದುಕೊಂಡಿತು.

ಕೇಂದ್ರ ನಡುದಾರಿ ಹಿಡಿಯಿತು. ಟಿ.ವಿ. ಸೋಮನಾಥನ್ ಸಮಿತಿಯ ನಂತರ ರೂಪುಗೊಂಡ ಏಕೀಕೃತ ಪಿಂಚಣಿ ಯೋಜನೆ 2025ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 25 ವರ್ಷ ಸೇವೆ ಸಲ್ಲಿಸಿದವರಿಗೆ ಕೊನೆಯ 12 ತಿಂಗಳ ಸರಾಸರಿ ಮೂಲ ವೇತನದ ಅರ್ಧ, ಹತ್ತು ವರ್ಷ ದುಡಿದವರಿಗೆ ಕನಿಷ್ಠ 10 ಸಾವಿರ, ಬೆಲೆ ಏರಿದಂತೆ ಪರಿಹಾರ. ನೌಕರರ ವಂತಿಗೆ ಶೇ 10, ಸರ್ಕಾರದ್ದು ಶೇ 18.5. ಅರ್ಹರು 23 ಲಕ್ಷ ಮಂದಿ. ಗಡುವನ್ನು ಎರಡೆರಡು ಸಲ ಮುಂದೂಡಿದರೂ ಒಪ್ಪಿ ಬಂದವರು ಸುಮಾರು 1.2 ಲಕ್ಷ. ತಮ್ಮ ವಂತಿಗೆ ಇಡಿಯಾಗಿ ಕೈಗೆ ಬರುವುದಿಲ್ಲ ಎಂಬ ಅಸಮಾಧಾನ ಒಂದೆಡೆ, ಇನ್ನಷ್ಟು ಪಟ್ಟು ಹಿಡಿದರೆ ಹಳೆಯದೇ ಮರಳೀತು ಎಂಬ ಆಸೆ ಇನ್ನೊಂದೆಡೆ.

ಹಾಗಿದ್ದರೂ ನಡುದಾರಿಯೇ ಸರಿಯಾದದ್ದು. ನೌಕರರೂ ವಂತಿಗೆ ಕಟ್ಟಬೇಕು, ಸರ್ಕಾರ ಖಾತರಿ ಕೊಡಬೇಕು, ಖಾತರಿಯ ಖರ್ಚು ಇಂದಿನ ಬಜೆಟ್‌ನಲ್ಲೇ ಕಾಣಬೇಕು. ಕರ್ನಾಟಕ ಸದ್ಯಕ್ಕೆ ತುಂಡು ತುಂಡಾಗಿ ನಡೆಯುತ್ತಿದೆ. 2006ಕ್ಕೆ ಮೊದಲೇ ನೇಮಕಾತಿ ಅಧಿಸೂಚನೆ ಹೊರಬಿದ್ದು, ಆಮೇಲೆ ಕೆಲಸ ಸಿಕ್ಕ ಸುಮಾರು 13 ಸಾವಿರ ನೌಕರರನ್ನು 2024ರ ಜನವರಿಯಲ್ಲಿ ಸಿದ್ದರಾಮಯ್ಯ ಸರ್ಕಾರ ಹಳೆ ಯೋಜನೆಗೆ ತಂದಿತು. ಅದು ನ್ಯಾಯವಾದದ್ದೇ. ಉಳಿದವರಿಗೆ ಸಮಿತಿ, ಭರವಸೆ, ಮತ್ತೆ ಸಮಿತಿ.

ನೌಕರರಿಗೆ ‘ಖಜಾನೆಯ ಕಷ್ಟ ಅರ್ಥ ಮಾಡಿಕೊಳ್ಳಿ’ ಎನ್ನುವವರು ತಮ್ಮ ಸರದಿ ಬಂದಾಗ ಎಷ್ಟು ಅರ್ಥ ಮಾಡಿಕೊಂಡರು? 2025ರ ಮಾರ್ಚ್ 21ರಂದು ವಿಧಾನಸಭೆಯಲ್ಲಿ ಹನಿಟ್ರ್ಯಾಪ್ ವಿಚಾರಕ್ಕೆ ಗದ್ದಲವೋ ಗದ್ದಲ. ಬಿಜೆಪಿಯ 18 ಶಾಸಕರು ಅಮಾನತಾದರು. ಆ ಗಲಾಟೆಯ ನಡುವೆಯೇ ಶಾಸಕರ ಸಂಬಳ 40 ಸಾವಿರದಿಂದ 80 ಸಾವಿರಕ್ಕೆ, ಮಾಜಿಗಳ ಪಿಂಚಣಿ 50 ಸಾವಿರದಿಂದ 75 ಸಾವಿರಕ್ಕೆ ಏರಿಸುವ ಮಸೂದೆಗಳು ಪಾಸಾದವು. ಈ ಪಿಂಚಣಿಗೆ 25 ವರ್ಷದ ಸೇವೆಯ ಷರತ್ತಿಲ್ಲ, ಮಾರುಕಟ್ಟೆಯ ಏರಿಳಿತದ ಭಯವೂ ಇಲ್ಲ.

ಇಷ್ಟೆಲ್ಲ ಗದ್ದಲದಲ್ಲಿ ಒಂದು ದೊಡ್ಡ ಗುಂಪಿನ ದನಿ ಕೇಳಿಸುವುದೇ ಇಲ್ಲ. ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನಕ್ಕೆ 60ರಿಂದ 79 ವರ್ಷದ ಬಡ ವೃದ್ಧರೊಬ್ಬರಿಗೆ ಕೇಂದ್ರ ಕೊಡುವ ಪಾಲು ತಿಂಗಳಿಗೆ 200 ರೂಪಾಯಿ. 2007ರಲ್ಲೂ 200, ಈಗಲೂ 200. ಗ್ರಾಮೀಣಾಭಿವೃದ್ಧಿಯ ಸಂಸದೀಯ ಸಮಿತಿ ಇದನ್ನು ಏರಿಸಿ ಎಂದು ಮತ್ತೆ ಮತ್ತೆ ಬರೆದಿದೆ. ವೃದ್ಧರು, ವಿಧವೆಯರು, ಅಂಗವಿಕಲರಿಗೆಲ್ಲ ಸೇರಿದ ಆ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮಕ್ಕೆ ಕೇಂದ್ರ ವರ್ಷಕ್ಕೆ ಎತ್ತಿಡುವ ಹಣ ಸುಮಾರು 9,652 ಕೋಟಿ. ಕರ್ನಾಟಕ ಒಂದೇ ರಾಜ್ಯ 2024ರಲ್ಲಿ ಏಳನೇ ವೇತನ ಆಯೋಗದ ಶಿಫಾರಸು ಒಪ್ಪಿದಾಗ ವರ್ಷಕ್ಕೆ 20,208 ಕೋಟಿ ಹೆಚ್ಚುವರಿ ಹೊರೆ ಎಂದು ಸರ್ಕಾರವೇ ಹೇಳಿತ್ತು.

ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆ ವಾಸಿ: 65 ದಾಟಿದವರಿಗೆ 1,200 ರೂಪಾಯಿ. ಆದರೆ ಆ ಹಣಕ್ಕಾಗಿ ಅಂಚೆ ಕಚೇರಿಯ ಕಟ್ಟೆಯ ಮೇಲೆ ಕೂತ ಅಜ್ಜಿಯ ಹೆಬ್ಬೆಟ್ಟಿನ ಗೆರೆ ಕಳೆ ಕಿತ್ತು, ಪಾತ್ರೆ ಉಜ್ಜಿ ಸವೆದುಹೋಗಿದೆ, ಯಂತ್ರ ಒಪ್ಪುವುದಿಲ್ಲ. ಆಧಾರ್ ಜೋಡಣೆ ತಪ್ಪಿದೆ, ನಾಡಕಚೇರಿಗೆ ಹೋಗಿ ಬನ್ನಿ ಎಂದರೆ ಬಸ್ಸು, ಕಾಫಿ, ಜೊತೆಗೆ ಬಂದವರ ಒಂದು ದಿನದ ಕೂಲಿ ಎಲ್ಲ ಸೇರಿ ತಿಂಗಳ ಪಿಂಚಣಿಗೇ ಕತ್ತರಿ. ಖಾಸಗಿ ಕಾರ್ಖಾನೆಯಲ್ಲಿ ದುಡಿದವರ ಪಾಡೂ ಹೆಚ್ಚು ಭಿನ್ನವಲ್ಲ. ಭವಿಷ್ಯ ನಿಧಿಯ ಇಪಿಎಸ್–95ರಲ್ಲಿ ಕನಿಷ್ಠ ಪಿಂಚಣಿ 2014ರ ಸೆಪ್ಟೆಂಬರ್‌ನಲ್ಲಿ ನಿಗದಿಯಾದ 1,000 ರೂಪಾಯಿ. ಅದಕ್ಕೆ ತುಟ್ಟಿಭತ್ಯೆ ಇಲ್ಲ. ಅದನ್ನು 7,500ಕ್ಕೆ ಏರಿಸಿ, ತುಟ್ಟಿಭತ್ಯೆ ಸೇರಿಸಿ ಎಂದು ಆ ವೃದ್ಧರು ವರ್ಷಗಳಿಂದ ಬೀದಿಯಲ್ಲಿದ್ದಾರೆ.

1982ರ ಡಿಸೆಂಬರ್ 17ರಂದು ಡಿ.ಎಸ್. ನಕಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪಿಂಚಣಿ ಮಾಲೀಕನ ಔದಾರ್ಯವಲ್ಲ, ದುಡಿದವರ ಹಕ್ಕು ಎಂದಿತು. ಒಂದು ತಾರೀಖಿನ ಗೆರೆ ಎಳೆದು ನಿವೃತ್ತರನ್ನು ಎರಡು ಪಂಗಡ ಮಾಡುವುದನ್ನೂ ಆ ತೀರ್ಪು ಒಪ್ಪಲಿಲ್ಲ. ಎನ್‌ಪಿಎಸ್ ನೌಕರರು ಇಂದಿಗೂ ಅದನ್ನು ನೆನೆಯುತ್ತಾರೆ. ಹೊಲದಲ್ಲಿ, ಗಾರ್ಮೆಂಟ್ಸ್‌ನಲ್ಲಿ ದುಡಿದವರಿಗೆ ಆ ತೀರ್ಪು ಕಾನೂನಿನ ಪ್ರಕಾರ ತಾಗದಿರಬಹುದು. ಆದರೆ ಸಂತೆಯಲ್ಲಿ ಬೇಳೆಯ ಬೆಲೆ ಎಲ್ಲರಿಗೂ ಒಂದೇ.

ಆದ್ದರಿಂದ ಈ ಜಗಳದ ಮೊದಲ ಇತ್ಯರ್ಥ ಸಂಧ್ಯಾ ಸುರಕ್ಷಾದಿಂದ ಆರಂಭವಾಗಬೇಕು. ನೌಕರರ ತುಟ್ಟಿಭತ್ಯೆ ಏರಿದಾಗಲೆಲ್ಲ ವೃದ್ಧಾಪ್ಯ ವೇತನವೂ ಅದೇ ಶೇಕಡಾವಾರಿನಲ್ಲಿ ತಾನಾಗಿ ಏರುವಂತೆ ರಾಜ್ಯ ಒಂದು ಆದೇಶ ಹೊರಡಿಸಲಿ. 1,200ಕ್ಕೆ ಶೇ 3 ಎಂದರೆ 36 ರೂಪಾಯಿ. ಕೇಂದ್ರದ 200 ರೂಪಾಯಿಗೂ ಇದೇ ಸೂತ್ರ ಅನ್ವಯಿಸಲಿ ಎಂದು ಕರ್ನಾಟಕದ 28 ಲೋಕಸಭಾ ಸಂಸದರು ಕೇಳಲಿ. ಈ ಒತ್ತಾಯಕ್ಕೆ ಬಲ ತುಂಬಬಲ್ಲವರು ನೌಕರರ ಸಂಘಗಳೇ. 2023ರ ಮಾರ್ಚ್ 1ರ ಮುಷ್ಕರ ಅದೇ ದಿನ ಸರ್ಕಾರದಿಂದ ಶೇ 17ರ ಮಧ್ಯಂತರ ಪರಿಹಾರ ಪಡೆದು ಮುಗಿದಿತ್ತು. ಅಂಥ ಶಕ್ತಿಯಿರುವ ಸಂಘಗಳು ಮುಂದಿನ ಬೇಡಿಕೆ ಪಟ್ಟಿಯಲ್ಲಿ ಒಪಿಎಸ್ ಪಕ್ಕದಲ್ಲೇ ವೃದ್ಧಾಪ್ಯ ವೇತನದ ತುಟ್ಟಿಭತ್ಯೆಯನ್ನೂ ಬರೆದರೆ, ‘ಇವರಿಗೆ ತಮ್ಮದೇ ಚಿಂತೆ’ ಎಂಬ ಟೀಕೆಗೆ ಜಾಗವಿರುವುದಿಲ್ಲ, ಸರ್ಕಾರಕ್ಕೆ ಮತ್ತೊಂದು ಸಮಿತಿಯ ನೆಪವೂ ಉಳಿಯುವುದಿಲ್ಲ.