ಬಳಸಿದ ವಾಹನಗಳ ಖರೀದಿ: ದಾಖಲೆಗಳ ಕ್ರಮಬದ್ಧತೆ ಮತ್ತು ಬ್ರೇಕ್‌ಗಳ ಸುಸ್ಥಿತಿ

ಬಳಸಿದ ವಾಹನವನ್ನು ಖರೀದಿಸಿ ಮಾಲೀಕತ್ವ ವರ್ಗಾವಣೆಗೆ ಅರ್ಜಿ ಸಲ್ಲಿಸುವ ನಾಗರಿಕರು, ನೋಂದಣಿ ಪತ್ರ, ವಿಮಾ ಪತ್ರ ಹಾಗೂ ಮಾಲಿನ್ಯ ನಿಯಂತ್ರಣ ಪ್ರಮಾಣಪತ್ರಗಳು ಚಾಲ್ತಿಯಲ್ಲಿದ್ದಲ್ಲಿ ವಾಹನವೂ ಸುಸ್ಥಿತಿಯಲ್ಲಿದೆ ಎಂದು ಭಾವಿಸುವುದುಂಟು. ಈ ಭಾವನೆ ಸರಿಯಲ್ಲ. ನೋಂದಣಿ ಪತ್ರವು ವಾಹನದ ಗುರುತು ಮತ್ತು ಮಾಲೀಕತ್ವವನ್ನು, ವಿಮಾ ಪತ್ರವು ನಷ್ಟಭರ್ತಿಯ ಹೊಣೆಯನ್ನು, ಮಾಲಿನ್ಯ ಪ್ರಮಾಣಪತ್ರವು ಹೊಗೆಯ ಪ್ರಮಾಣವನ್ನು ತಿಳಿಸುತ್ತವೆ. ಬ್ರೇಕ್ ಹಿಡಿಯುತ್ತದೆಯೇ ಎಂಬುದನ್ನು ಈ ಮೂರರಲ್ಲಿ ಯಾವುದೂ ತಿಳಿಸುವುದಿಲ್ಲ.

ತಪಾಸಣೆಯಲ್ಲಿರುವ ಅಂತರ

ಮೋಟಾರು ವಾಹನಗಳ ಕಾಯ್ದೆ, 1988ರ ಪ್ರಕರಣ 56ರನ್ವಯ ಸಾರಿಗೆ ವಾಹನಗಳು ಅರ್ಹತಾ ಪತ್ರ ಹೊಂದಿರತಕ್ಕದ್ದು. ವಾಹನಕ್ಕೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಗಳಿಗೊಮ್ಮೆ, ತದನಂತರ ಪ್ರತಿ ವರ್ಷ ಇದನ್ನು ನವೀಕರಿಸಬೇಕಾಗುತ್ತದೆ. ಖಾಸಗಿ ಕಾರು ಹಾಗೂ ದ್ವಿಚಕ್ರ ವಾಹನಗಳ ಸ್ಥಿತಿ ಬೇರೆ. ಇವುಗಳ ನೋಂದಣಿಯು 15 ವರ್ಷಗಳವರೆಗೆ ಊರ್ಜಿತದಲ್ಲಿದ್ದು, ಬಳಿಕ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಿ ಐದು ವರ್ಷಗಳ ಅವಧಿಗೆ ನವೀಕರಿಸುವಾಗ ಮಾತ್ರ ವಾಹನವನ್ನು ತಪಾಸಣೆಗೆ ಹಾಜರುಪಡಿಸಬೇಕಾಗುತ್ತದೆ. ಆದ್ದರಿಂದ ಏಳೆಂಟು ವರ್ಷ ಹಳೆಯದಾದ ಖಾಸಗಿ ಕಾರನ್ನು ಖರೀದಿಸುವವರ ಕೈಗೆ, ಅದರ ಬ್ರೇಕ್ ಕುರಿತ ಯಾವುದೇ ಸರ್ಕಾರಿ ಪ್ರಮಾಣಪತ್ರ ದೊರೆಯುವುದಿಲ್ಲ.

ಕೇಂದ್ರ ಸರ್ಕಾರವು ಡಿಸೆಂಬರ್ 2022ರಲ್ಲಿ ಅಧಿಸೂಚಿಸಿ 1ನೇ ಏಪ್ರಿಲ್ 2023ರಿಂದ ಜಾರಿಗೊಳಿಸಿದ ನಿಯಮಗಳು, ಬಳಸಿದ ವಾಹನಗಳ ಮಾರಾಟಗಾರರು ಅಧಿಕಾರ ಪತ್ರ ಪಡೆಯುವುದನ್ನು ಕಡ್ಡಾಯಗೊಳಿಸಿವೆ. ವಾಹನವು ಯಾರ ವಶದಲ್ಲಿದೆ ಎಂಬ ಬಗ್ಗೆ ಇದ್ದ ಗೊಂದಲ ಇದರಿಂದ ಕಡಿಮೆಯಾಗುತ್ತದೆ. ಆದರೆ ಅಧಿಕಾರ ಪತ್ರವು ಯಂತ್ರಭಾಗಗಳ ಸುಸ್ಥಿತಿಗೆ ಖಾತರಿಯಲ್ಲ.

ಹೊಣೆ ಯಾರದು?

ಕಾಯ್ದೆಯ ಪ್ರಕರಣ 190ರ ಪ್ರಕಾರ, ಅಪಾಯಕಾರಿ ದೋಷವುಳ್ಳ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಚಲಾಯಿಸುವುದು ಅಥವಾ ಚಲಾಯಿಸಲು ಬಿಡುವುದು ಶಿಕ್ಷಾರ್ಹವಾಗಿರುತ್ತದೆ. ದೋಷವು ತಿಳಿದಿರಬೇಕೆಂದಿಲ್ಲ, ಸಾಮಾನ್ಯ ಎಚ್ಚರಿಕೆಯಿಂದ ತಿಳಿದುಕೊಳ್ಳಬಹುದಾಗಿದ್ದರೂ ಸಾಕು. ಅಂದರೆ, ನಿನ್ನೆಯಷ್ಟೇ ಕೊಂಡ ವಾಹನವೆಂಬ ಕಾರಣವೊಂದರಿಂದಲೇ ಹೊಣೆ ತಪ್ಪುವುದಿಲ್ಲ.

ಖರೀದಿಗೆ ಮುನ್ನ ಗಮನಿಸಬೇಕಾದ ಲಕ್ಷಣಗಳು

1. ಪೆಡಲ್ ಒತ್ತಿ ಹಿಡಿದಾಗ ನಿಧಾನವಾಗಿ ಕೆಳಗಿಳಿಯುತ್ತಿದ್ದಲ್ಲಿ, ಬ್ರೇಕ್ ಆಯಿಲ್ ಸೋರಿಕೆ ಅಥವಾ ಮಾಸ್ಟರ್ ಸಿಲಿಂಡರ್‌ನ ಒಳಭಾಗದ ಸವೆತವನ್ನು ಶಂಕಿಸಬೇಕು.

2. ಪೆಡಲ್ ಸ್ಪಂಜಿನಂತೆ ಮೆತ್ತಗಿದ್ದು, ಎರಡು ಮೂರು ಬಾರಿ ಒತ್ತಿದ ನಂತರ ಗಟ್ಟಿಯಾದಲ್ಲಿ, ಕೊಳವೆಗಳಲ್ಲಿ ಗಾಳಿ ಸೇರಿರುವ ಸಾಧ್ಯತೆಯಿದೆ. ಹಿಂಬದಿಯ ಡ್ರಮ್ ಬ್ರೇಕ್‌ಗಳು ಸಡಿಲಗೊಂಡಿರಲೂಬಹುದು.

3. ಪೆಡಲ್ ವಿಪರೀತ ಗಟ್ಟಿಯಾಗಿದ್ದಲ್ಲಿ ವ್ಯಾಕ್ಯೂಮ್ ಬೂಸ್ಟರನ್ನು ಪರೀಕ್ಷಿಸಬೇಕು. ಎಂಜಿನ್ ನಿಲ್ಲಿಸಿ ಪೆಡಲನ್ನು ಹಲವು ಬಾರಿ ಒತ್ತಿ, ಒತ್ತಿ ಹಿಡಿದಂತೆಯೇ ಎಂಜಿನ್ ಚಾಲೂ ಮಾಡಿದಾಗ ಪೆಡಲ್ ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದಲ್ಲಿ ಬೂಸ್ಟರ್ ಅಥವಾ ಅದರ ಕೊಳವೆಯಲ್ಲಿ ದೋಷವಿದೆ.

4. ಬ್ರೇಕ್ ಹಾಕಿದಾಗ ವಾಹನವು ಒಂದು ಬದಿಗೆ ಎಳೆಯುತ್ತಿದ್ದಲ್ಲಿ, ಒಂದು ಚಕ್ರದ ಕ್ಯಾಲಿಪರ್ ಹಿಡಿದುಕೊಂಡಿರಬಹುದು ಅಥವಾ ಪ್ಯಾಡಿಗೆ ಎಣ್ಣೆ ತಗುಲಿರಬಹುದು. ಟೈರಿನ ಗಾಳಿ ಕಡಿಮೆಯಿದ್ದರೂ ಹೀಗಾಗುವುದರಿಂದ ಅದನ್ನು ಮೊದಲು ನೋಡತಕ್ಕದ್ದು.

5. ಕೀಚಲು ಶಬ್ದವು ಪ್ಯಾಡ್ ಸವೆತದ ಮುನ್ಸೂಚನೆಯಾಗಿರಬಹುದು. ಲೋಹ ಉಜ್ಜುವ ಕರಕರ ಶಬ್ದ ಕೇಳಿಬಂದಲ್ಲಿ ವಾಹನವನ್ನು ಮುಂದೆ ಚಲಾಯಿಸಬಾರದು. ಪೆಡಲ್ ಅದುರುವುದು ಡಿಸ್ಕ್‌ನ ಮೇಲ್ಮೈ ಏರುಪೇರಾಗಿರುವುದರ ಲಕ್ಷಣ.

6. ಎಬಿಎಸ್ ಇರುವ ವಾಹನದಲ್ಲಿ ಅದರ ಎಚ್ಚರಿಕೆ ದೀಪವು ಕೀಲಿ ತಿರುಗಿಸಿದಾಗ ಬೆಳಗಿ, ಬಳಿಕ ಆರಬೇಕು. ದೀಪ ಬೆಳಗದೇ ಇರುವುದೂ ದೋಷವೇ ಆಗಿದ್ದು, ಅದನ್ನು ಉದ್ದೇಶಪೂರ್ವಕವಾಗಿ ತೆಗೆದಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ.

ಬ್ರೇಕ್ ಆಯಿಲ್ ಗಾಳಿಯ ತೇವಾಂಶವನ್ನು ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್‌ಗೆ ನಿಗದಿಯಾದ ಕನಿಷ್ಠ ಕುದಿಬಿಂದು 205 ಡಿಗ್ರಿ ಸೆಲ್ಸಿಯಸ್. ತೇವಾಂಶ ಸೇರಿದ ಆಯಿಲ್‌ಗೆ ಅದು ಕೇವಲ 140. ಊರೊಳಗೆ ಸರಿಯಾಗಿಯೇ ಇದ್ದ ಬ್ರೇಕ್, ಚಾರ್ಮಾಡಿ ಅಥವಾ ಆಗುಂಬೆಯಂತಹ ಘಾಟಿಯ ಇಳಿಜಾರಿನಲ್ಲಿ ಆಯಿಲ್ ಕುದಿದು ಕೈಕೊಡುವುದು ಈ ಕಾರಣದಿಂದಲೇ. ಆದ್ದರಿಂದ ಹಳೆಯ ವಾಹನ ಕೊಂಡ ಕೂಡಲೇ ಆಯಿಲ್ ಬದಲಿಸುವುದು ಸೂಕ್ತ.

ಅರ್ಜಿದಾರರಿಗೆ ಸೂಚನೆ

ಮೇಲ್ಕಂಡ ಪರೀಕ್ಷೆಗಳನ್ನು ನಿರ್ಜನವಾದ ಸಮತಟ್ಟು ಸ್ಥಳದಲ್ಲಿ, ಕಡಿಮೆ ವೇಗದಲ್ಲಿ ಮಾಡತಕ್ಕದ್ದು. ಯಾವುದೇ ಲಕ್ಷಣ ಕಂಡುಬಂದಲ್ಲಿ, ಚಕ್ರಗಳನ್ನು ಬಿಚ್ಚಿಸಿ ನುರಿತ ಮೆಕ್ಯಾನಿಕ್‌ರಿಂದ ಪರಿಶೀಲನೆ ಮಾಡಿಸಿಕೊಳ್ಳುವುದು ಅಗತ್ಯ. ಇವೆಲ್ಲವೂ ನಮೂನೆ 29 ಮತ್ತು 30ಕ್ಕೆ ಸಹಿ ಹಾಕುವ ಮುನ್ನವೇ ಮುಗಿದಿರಬೇಕು. ವರ್ಗಾವಣೆಯ ನಂತರ ದಾಖಲೆಗಳಲ್ಲಿನ ಲೋಪವನ್ನು ತಿದ್ದುಪಡಿಗೆ ಅರ್ಜಿ ಸಲ್ಲಿಸಿ ಸರಿಪಡಿಸಿಕೊಳ್ಳಬಹುದು. ಬ್ರೇಕ್ ವೈಫಲ್ಯದಿಂದ ಆಗುವ ಹಾನಿಗೆ ಅಂತಹ ಅವಕಾಶವಿರುವುದಿಲ್ಲ.